ಒಂದು ಫೋನಿನಲ್ಲಿ ಮುಗಿಯಬೇಕಿದ್ದ ಜಗಳ ಮತ್ತು ‘ಮಾರಿಸ್’

ಇಬ್ಬರು ಗಂಡಸರ ಪ್ರೀತಿಯ ಕಾದಂಬರಿಗಳಲ್ಲಿ ನನ್ನ ಮೆಚ್ಚಿನದು ಇಂಗ್ಲಿಷ್ ಲೇಖಕ ಇ.ಎಂ. ಫಾರ್ಸ್ಟರ್ ಅವರ ‘ಮಾರಿಸ್’. ಹೋಲಿಸಿ ನೋಡಲು ಅದರ ಪಕ್ಕ ಇಡುತ್ತಿರುವುದು ಕಳೆದ ತಿಂಗಳು 450 ರೂಪಾಯಿ ಕೊಟ್ಟು ಕೊಂಡ ಹೊಸ ಇಂಗ್ಲಿಷ್ ಗೇ ಪ್ರೇಮಕಾದಂಬರಿ. ಅದರ ಹೆಸರು ಬೇಡ. ಅಮೆರಿಕದ ಸಣ್ಣ ಊರು. ಒಬ್ಬ ಬೇಕರಿ ನಡೆಸುತ್ತಾನೆ, ಇನ್ನೊಬ್ಬ ಶಾಲೆಯ ಕೋಚ್.

ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗಲೇ ಓದಿದ್ದೆ. ಪ್ರೀತಿಸಿದ ಕಾರ್ತಿಕ್ ಹುಡುಗಿಯನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಪಡುವ ಸಂಕಟ ನಮ್ಮ ಮನೆಯ ಮಾತಿನಲ್ಲೇ ಇತ್ತು. ಇವತ್ತಿಗೂ ನನಗೆ ಅದು ಬಹಳ ಹತ್ತಿರದ ಪುಸ್ತಕ. ಆದರೆ ಕೆಲವು ರಾತ್ರಿ, ಇಬ್ಬರು ಗಂಡಸರು ಕೊನೆಗೂ ಒಟ್ಟಿಗೆ ಉಳಿಯುವ ಕಥೆ ಬೇಕು ಅನ್ನಿಸುತ್ತದೆ. ಅದಕ್ಕೇ ಹೊಸದನ್ನು ಕೊಂಡೆ.

ಮುಕ್ಕಾಲು ಭಾಗ ಖುಷಿಯಾಗಿಯೇ ಓದಿದೆ. ಆಮೇಲೆ ಕೋಚ್ ಫೋನಿನಲ್ಲಿ ಯಾರಿಗೋ ‘ಇಲ್ಲ, ಅದೇನೂ ಅಂಥದ್ದಲ್ಲ’ ಅನ್ನುತ್ತಾನೆ. ಬಾಗಿಲ ಹೊರಗೆ ನಿಂತಿದ್ದ ಬೇಕರಿಯವನು ಅಷ್ಟನ್ನೇ ಕೇಳಿಸಿಕೊಂಡು ಹೊರಟುಹೋಗುತ್ತಾನೆ. ಮುಂದಿನ ಅರವತ್ತು ಪುಟ ಇಬ್ಬರೂ ಮಾತಾಡುವುದಿಲ್ಲ. ಕೋಚ್ ಹೇಳಿದ್ದು ತನ್ನ ಮೊಣಕಾಲು ನೋವಿನ ಬಗ್ಗೆ!

ಅರವತ್ತು ಪುಟದಲ್ಲಿ ಒಂದು ಸಲವೂ ‘ಯಾರ ಬಗ್ಗೆ ಹೇಳಿದೆ?’ ಅಂತ ಕೇಳಬಾರದಾ? ಇಬ್ಬರಿಗೂ ಮೂವತ್ತು ದಾಟಿದೆ. ಇಬ್ಬರ ಮನೆಯವರಿಗೂ ವಿಷಯ ಗೊತ್ತು. ಅಮೆರಿಕದಾದ್ಯಂತ ಇಂಥ ಮದುವೆಗೆ 2015ರಿಂದ ಕಾನೂನಿನ ಒಪ್ಪಿಗೆಯಿದೆ. ಹೊರಗಿನ ಅಡ್ಡಿ ಏನೂ ಉಳಿದಿಲ್ಲ ಅಂದುಕೊಂಡೇ ಲೇಖಕರು ಸುಮ್ನೆ ಒಂದನ್ನು ತಂದು ಹಾಕಿದ್ದಾರೆ ಅನ್ನಿಸಿತು. ಅಡ್ಡಿಗೆ ಅಷ್ಟು ಬರವೇ? ದುಡ್ಡು, ವಯಸ್ಸು, ಕಾಯಿಲೆ ಬಿದ್ದ ಅಪ್ಪ, ಮುಚ್ಚುವ ಹಂತಕ್ಕೆ ಬಂದ ಅಂಗಡಿ, ಯಾವುದಾದರೂ ಆಗುತ್ತಿತ್ತು.

‘ಮಾರಿಸ್’ನಲ್ಲೂ ತಪ್ಪು ತಿಳಿವಳಿಕೆ ಇದೆ. ಮಾರಿಸ್ ಷೇರು ದಲ್ಲಾಳಿ. ಅಲೆಕ್ ಅವನ ಗೆಳೆಯನ ಎಸ್ಟೇಟಿನಲ್ಲಿ ಬೇಟೆಕಾಡಿನ ಕಾವಲಿನವನು. ಒಂದು ರಾತ್ರಿ ಜೊತೆಗಿದ್ದ ಮೇಲೆ ಅಲೆಕ್ ಬಾ ಅಂತ ಕಾಗದ ಬರೆಯುತ್ತಾನೆ. ಮಾರಿಸ್ ಹೋಗುವುದಿಲ್ಲ. ಆಳು ತನ್ನನ್ನು ಹೆದರಿಸಿ ದುಡ್ಡು ಕೀಳುತ್ತಾನೆ ಅನ್ನುವ ಭಯ ಅವನಿಗೆ. ನನ್ನನ್ನು ಆಳಿನ ಹಾಗೇ ಕಂಡನಲ್ಲ ಅನ್ನುವ ನೋವು ಇವನಿಗೆ. ಆ ನೋವಿನಲ್ಲಿ ಅಲೆಕ್ ನಿಜವಾಗಿಯೂ ಬೆದರಿಸುತ್ತಾನೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಇಬ್ಬರೂ ಎದುರಾಗುವ ಅಧ್ಯಾಯವನ್ನು ನಾನು ನಾಲ್ಕು ಸಲ ಓದಿದ್ದೇನೆ. ಅಂತಸ್ತು, ಜೈಲಿನ ಹೆದರಿಕೆ, ಪ್ರೀತಿ ಎಲ್ಲವೂ ಆ ಜಗಳದಲ್ಲಿವೆ. ಒಂದು ಫೋನು ಮಾಡಿ ಮುಗಿಸುವ ಜಗಳವಲ್ಲ ಅದು.

ಆಮೇಲೆ ಅಲೆಕ್ ಅರ್ಜೆಂಟೀನಾಗೆ ಹೊರಟ ಹಡಗು ಹತ್ತದೆ ದೋಣಿಮನೆಯಲ್ಲಿ ಕಾಯುತ್ತಾನೆ. ಸುಖಾಂತ್ಯವೇ. ಫಾರ್ಸ್ಟರ್ ಇದನ್ನು 1913-14ರಲ್ಲಿ ಬರೆದರು. ಅಚ್ಚಾಗಿದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಇಂಗ್ಲೆಂಡಿನಲ್ಲಿ 1967ರವರೆಗೂ ಇಂಥ ಸಂಬಂಧ ಅಪರಾಧವಾಗಿತ್ತು. ಆದರೂ ಅವರು ಇಬ್ಬರನ್ನೂ ಸೇರಿಸಿಯೇ ಮುಗಿಸಿದರು.

ಕೊರತೆಗಳೂ ಇವೆ. ಮಾರಿಸ್ ಓದಲು ಹೋಗುವ ಕೇಂಬ್ರಿಜ್ ಭಾಗ ನಿಧಾನ. ಅಲೆಕ್ ಬರುವುದು ತಡ. ಹೆಂಗಸರ ಪಾತ್ರಗಳಲ್ಲಿ ಜೀವ ಕಡಿಮೆ.

ಪ್ರಣಯದ ದೃಶ್ಯಗಳು ಹೊಸದರಲ್ಲೇ ಜಾಸ್ತಿ, ಚೆನ್ನಾಗಿಯೂ ಇವೆ. ಇಂಗ್ಲಿಷೂ ಸಲೀಸು. ಮೆಟ್ರೋದಲ್ಲಿ ಹತ್ತತ್ತು ನಿಮಿಷ ಓದುವವರಿಗೆ ಅದೇ ಸರಿಹೋಗಬಹುದು. ನಾನು ಓದುವುದು ರಾತ್ರಿ ಊಟ ಆದಮೇಲೆ, ಒಂದೇ ಸಲಕ್ಕೆ ಎರಡು ಗಂಟೆ. ಇಷ್ಟವಾದ ಪುಸ್ತಕವನ್ನು ಮತ್ತೆ ಮತ್ತೆ ಓದುತ್ತೇನೆ. ತಿಂಗಳಿಗೆ ಪುಸ್ತಕಕ್ಕೆ ಅಂತ ತೆಗೆದಿಡುವುದು 500 ರೂಪಾಯಿ. ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ‘ಮಾರಿಸ್’ 150ಕ್ಕೆ ಸಿಕ್ಕಿತ್ತು. ಈಗ ಅದು ಗೆಳೆಯನ ಹತ್ತಿರ ಇದೆ. ಮ್ಯೂಸಿಯಂ ಅಧ್ಯಾಯಕ್ಕೆ ಬಂದಿದ್ದೇನೆ ಅಂತ ನಿನ್ನೆ ರಾತ್ರಿ ಮೆಸೇಜ್ ಮಾಡಿದ್ದ.