ಥ್ರೆಡ್ ಹೋದ ಆಯಿಲ್ ಚೇಂಬರಿಗೆ ನಾನೇ ಹಾಕಿದ ಟೈಮ್‌ಸರ್ಟ್ ಬುಷ್: ಕೆಲವು ವರ್ಷ ಓಡಿಸಿದ ಮೇಲೆ

ಟೈಮ್‌ಸರ್ಟ್ ಅಂದ್ರೆ ಹಾಳಾದ ಥ್ರೆಡ್ ಜಾಗಕ್ಕೆ ಥ್ರೆಡ್ ಇರೋ ಸ್ಟೀಲ್ ಬುಷ್ ಕೂರಿಸೋ ಕಿಟ್ಟು. ಅದನ್ನ ತಗೊಂಡು ಕಾರಿನ ಆಯಿಲ್ ಚೇಂಬರಿಗೆ (ಎಂಜಿನ್ ಕೆಳಗಿರೋ ಆಯಿಲ್ ತೊಟ್ಟಿ) ಹಾಕಿ ಕೆಲವು ವರ್ಷ ಆಯ್ತು, ಅವತ್ತಿಂದ ಪ್ರತಿ ಆಯಿಲ್ ಚೇಂಜಿಗೂ ಅದೇ ಬುಷ್ಷಿಂದ ಬೋಲ್ಟ್ ಬಿಚ್ಚಿ ಹಾಕ್ತಾ ಇದೀನಿ, ಇವತ್ತಿಗೂ ಕೆಳಗೆ ಒಂದು ಹನಿ ಬಿದ್ದಿಲ್ಲ. ಹೊಸದಾಗಿ ಹಾಕಿದ ವಾರದಲ್ಲಿ ಎಲ್ಲಾನೂ ಚೆನ್ನಾಗೇ ಇರತ್ತೆ, ಹಾಗಾಗಿ ಆಗಲೇ ವಿಮರ್ಶೆ ಬರೆಯೋಕೆ ಮನಸ್ಸಿರ್ಲಿಲ್ಲ. ಡ್ರೈನ್ ಬೋಲ್ಟಿನ (ಹಳೇ ಆಯಿಲ್ ಇಳಿಸೋಕೆ ಬಿಚ್ಚೋ ಬೋಲ್ಟು) ರಿಪೇರಿ ಗಟ್ಟಿ ಇದೆಯೋ ಇಲ್ವೋ ಅಂತ ಗೊತ್ತಾಗೋದು ಅದನ್ನ ಮತ್ತೆ ಮತ್ತೆ ಬಿಚ್ಚಿದ ಮೇಲೇನೆ.

ಆಗಿದ್ದೇನು ಅಂದ್ರೆ, ಸರ್ವೀಸಿಗೆ ಬಿಟ್ಟಿದ್ದ ಗ್ಯಾರೇಜಲ್ಲಿ ಡ್ರೈನ್ ಬೋಲ್ಟನ್ನ ಏರ್ ಗನ್ನಲ್ಲಿ ಟೈಟ್ ಮಾಡಿ ಕಳಿಸಿದ್ರು. ಆಮೇಲೆ ಮನೇಲೇ ಆಯಿಲ್ ಬದಲಾಯಿಸೋಣ ಅಂತ ಕಾರಡಿ ಮಲಗಿ ಸ್ಪ್ಯಾನರ್ ಹಾಕಿದ್ರೆ ಬೋಲ್ಟು ಮೊದಲು ಅಲ್ಲಾಡಲೇ ಇಲ್ಲ, ಅಲ್ಲಾಡಿದ ಮೇಲೆ ನಿಲ್ಲಲೇ ಇಲ್ಲ, ಸುಮ್ನೆ ಸುತ್ತುತ್ತೆ, ಹೊರಗೆ ಬರಲ್ಲ. ಕೊನೆಗೆ ಈಚೆ ಬಂದಾಗ ಅದರ ಥ್ರೆಡ್ ಸಂದೀಲಿ ಬೆಳ್ಳಗೆ ಅಲ್ಯೂಮಿನಿಯಂ ದಾರ ಸುತ್ತಿಕೊಂಡಿತ್ತು, ಉಗುರಲ್ಲಿ ಎಳೆದ್ರೆ ಉದ್ದಕ್ಕೆ ಬಿಚ್ಕೊಂಡು ಬಂತು. ಅದು ಬೋಲ್ಟಿಂದಲ್ಲ, ಚೇಂಬರಿನ ಥ್ರೆಡ್ಡು, ಪೂರ್ತಿಯಾಗಿ. ಬೋಲ್ಟು ಸ್ಟೀಲು, ಚೇಂಬರ್ ಅಲ್ಯೂಮಿನಿಯಂ, ಜಾಸ್ತಿ ಟೈಟ್ ಮಾಡಿದ್ರೆ ಯಾವಾಗ್ಲೂ ಸೋಲೋದು ಚೇಂಬರೇ.

ಹೀಗೆ ಸುಮ್ನೆ ಸುತ್ತೋ ಬೋಲ್ಟ್ ತೆಗೆಯೋಕೆ ಒಂದು ಉಪಾಯ ಇದೆ, ಅದನ್ನ ಇಲ್ಲೇ ಹೇಳಿಬಿಡ್ತೀನಿ. ಬೋಲ್ಟಿನ ತಲೆ ಕೆಳಗೆ, ವಾಶರ್ ಹತ್ರ, ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಕೆಳಕ್ಕೆ ಮೀಟ್ತಾ ಇನ್ನೊಂದು ಕೈಯಲ್ಲಿ ಬಿಚ್ಚೋ ದಿಕ್ಕಿಗೆ ತಿರುಗಿಸ್ಬೇಕು, ಆಗ ಅಳಿದುಳಿದ ಥ್ರೆಡ್ಡಿಗೆ ಬೋಲ್ಟು ಕಚ್ಕೊಂಡು ಮೆಲ್ಲಗೆ ಈಚೆ ಬರತ್ತೆ. ಚೇಂಬರಿನ ಮುಖಕ್ಕೆ ಗೀರು ಬೀಳದ ಹಾಗೆ ನೋಡ್ಕೊಳ್ಳಿ, ವಾಶರ್ ಕೂರೋದು ಅಲ್ಲೇ, ಅಲ್ಲಿ ಆಳವಾದ ಗೀರಾದ್ರೆ ಬುಷ್ ಹಾಕಿದ್ರೂ ಸೋರತ್ತೆ. ಥ್ರೆಡ್ ಸರಿಯಿದ್ದು ಬರೀ ತಲೆ ರೌಂಡ್ ಆಗಿದ್ರೆ ಅದು ಬೇರೆ ಕಥೆ, ಅದಕ್ಕೆ ಈ ಕಿಟ್ ಬೇಕಾಗಿಲ್ಲ. ಹನ್ನೆರಡು ಮೂಲೆ ಸಾಕೆಟ್ ಬಿಟ್ಟು ಆರು ಮೂಲೆದು ಹಾಕಿ ನೋಡಿ, ಆಗ್ಲಿಲ್ಲ ಅಂದ್ರೆ ಒಳಗೆ ಸುರುಳಿ ಹಲ್ಲಿರೋ ಎಕ್ಸ್‌ಟ್ರಾಕ್ಟರ್ ಸಾಕೆಟ್ಟನ್ನ ಸುತ್ತಿಗೇಲಿ ಬಡಿದು ಕೂರಿಸಿ ತಿರುಗಿಸಿ, ಮುಕ್ಕಾಲು ಪಾಲು ಬಂದೇ ಬರತ್ತೆ, ಹೊಸ ಬೋಲ್ಟ್ ಹಾಕಿದ್ರೆ ಮುಗೀತು.

ಕಿಟ್ ತಗೊಳ್ಳೋ ಮುಂಚೆ ಬೇರೆ ದಾರಿ ಎಲ್ಲಾ ನೋಡಿದ್ದೆ. ಎಲ್ಲರೂ ಮೊದಲು ಹೇಳೋದು ಓವರ್‌ಸೈಜ್ ಬೋಲ್ಟು, ತಾನೇ ಥ್ರೆಡ್ ಕೊರ್ಕೊಂಡು ಒಳಗೆ ಹೋಗೋದು. ಕೆಲಸ ಆಗತ್ತೆ, ಆದ್ರೆ ಅದನ್ನೂ ಮತ್ತೆ ಮತ್ತೆ ಬಿಚ್ಚಿ ಹಾಕ್ತಾ ಇದ್ರೆ ಅದೇ ಮೆತ್ತನೆ ಅಲ್ಯೂಮಿನಿಯಂ ಮತ್ತೆ ಸವೆಯತ್ತೆ, ಇನ್ನು ನೇರವಾಗಿ ಒಳಗೆ ಹೋಗದಿದ್ರೆ ವಾಶರ್ ಒಂದು ಕಡೆ ಮಾತ್ರ ಕೂತು ಇನ್ನೊಂದು ಕಡೆಯಿಂದ ಜಿನುಗತ್ತೆ. ಅದರಲ್ಲೇ ಇನ್ನೊಂದು ಜಾತಿ ಇದೆ, ದೊಡ್ಡ ಬೋಲ್ಟಿನ ಮಧ್ಯದಲ್ಲಿ ಸಣ್ಣ ಬೋಲ್ಟ್ ಇರೋದು, ದೊಡ್ಡದನ್ನ ಒಂದ್ಸಲ ಕೂರಿಸಿ ಬಿಟ್ಟುಬಿಡೋದು, ಆಮೇಲೆ ಸಣ್ಣದನ್ನ ಮಾತ್ರ ಬಿಚ್ಚೋದು. ಅರ್ಜೆಂಟಿಗೆ ಪರವಾಗಿಲ್ಲ, ಆದ್ರೆ ತೂತು ಸಣ್ಣದಾದ್ದರಿಂದ ಆಯಿಲ್ ಇಳಿಯೋದು ನಿಧಾನ, ಮತ್ತೆ ದೊಡ್ಡದೇ ಸಡಿಲ ಆಗಿಬಿಟ್ರೆ ಅನ್ನೋ ಹೆದರಿಕೆ ತಲೇಲಿ ಇದ್ದೇ ಇರತ್ತೆ. ಟೆಫ್ಲಾನ್ ಟೇಪ್ ಸುತ್ತೋದು, ಎಪಾಕ್ಸಿ ಮೆತ್ತೋದು ಇವೆಲ್ಲ ನನಗೆ ಬೇಡ. ಚೇಂಬರ್ ಒಳಗೆ ಆಯಿಲ್ ಪ್ರೆಶರಲ್ಲಿ ಇರಲ್ಲ, ಸುಮ್ನೆ ನಿಂತಿರತ್ತೆ, ಹಾಗಾಗಿ ಟೇಪ್ ಸುತ್ತಿದ್ರೂ ಸೋರೋದು ನಿಂತ ಹಾಗೆ ಕಾಣ್ಬಹುದು, ಆದ್ರೆ ಟೇಪು ಬೋಲ್ಟನ್ನ ಹಿಡ್ಕೊಳ್ಳಲ್ಲ, ಓಡ್ತಾ ಓಡ್ತಾ ಬೋಲ್ಟೇ ಉದುರಿಬಿಟ್ರೆ ನೋಡ್ತಿದ್ದ ಹಾಗೇ ಆಯಿಲ್ಲೆಲ್ಲ ರೋಡ್ ಪಾಲು, ಡ್ಯಾಶ್‌ಬೋರ್ಡಲ್ಲಿ ಆಯಿಲ್ ದೀಪ ಹತ್ತಿದ ತಕ್ಷಣ ಆಫ್ ಮಾಡದಿದ್ರೆ ಎಂಜಿನ್ನೂ ಹೋಯ್ತು. ಡಿಪ್‌ಸ್ಟಿಕ್ ಪೈಪಿಂದ ವ್ಯಾಕ್ಯೂಮ್ ಪಂಪಲ್ಲಿ ಆಯಿಲ್ ಎಳೆದು, ಕೆಳಗಡೆ ಬೋಲ್ಟಿನ ತಂಟೆಗೇ ಹೋಗದೆ ಇರೋರೂ ಇದಾರೆ, ಅದು ಒಳ್ಳೆ ಐಡಿಯಾನೇ, ಆದ್ರೆ ಆ ಬೋಲ್ಟು ಈಗ ಗಟ್ಟಿಯಾಗಿ ಕೂತಿದ್ರೆ ಮಾತ್ರ.

ಉಳಿದಿದ್ದು ಎರಡು, ಹೆಲಿಕಾಯಿಲ್ ಮತ್ತೆ ಟೈಮ್‌ಸರ್ಟ್. ಹೆಲಿಕಾಯಿಲ್ ಅಂದ್ರೆ ಸ್ಟೇನ್‌ಲೆಸ್ ತಂತಿ ಸುರುಳಿ, ಎಂಜಿನ್ ಬೇರೆ ಕಡೆ ಎಲ್ಲಾ ದಶಕಗಳಿಂದ ಹಾಕ್ತಾರೆ, ಅದರ ಬಗ್ಗೆ ತಕರಾರಿಲ್ಲ. ಆದ್ರೆ ಡ್ರೈನ್ ಬೋಲ್ಟ್ ಪದೇ ಪದೇ ಬಿಚ್ಚೋ ಜಾಗ, ಸುರುಳಿ ಬೋಲ್ಟಿನ ಜೊತೆ ಸುತ್ತಿ ಈಚೆ ಬರೋ ಸಾಧ್ಯತೆ ಇರತ್ತೆ. ಟೈಮ್‌ಸರ್ಟ್ ಇಡೀ ಸ್ಟೀಲ್ ಬುಷ್ಷು, ಒಳಗೂ ಹೊರಗೂ ಥ್ರೆಡ್ಡು, ಹೊರಗಿನ ತುದೀಲಿ ಒಂದು ಸಣ್ಣ ಅಂಚು ಇರತ್ತೆ, ಅದರಿಂದ ಅದು ಇನ್ನೂ ಒಳಗೆ ಇಳಿಯಲ್ಲ. ನನ್ನ ಕಾರಿನ ಬೋಲ್ಟು ಎಂ14 (ಅಂದ್ರೆ 14 ಮಿ.ಮೀ. ದಪ್ಪ), ಪಿಚ್ (ಒಂದು ಥ್ರೆಡ್ಡಿಂದ ಇನ್ನೊಂದಕ್ಕಿರೋ ದೂರ) 1.5 ಮಿ.ಮೀ. ಎಂ12ಗೆ 1.25 ಪಿಚ್ಚಿರೋ ಕಾರುಗಳೂ ಬೇಕಾದಷ್ಟಿವೆ, ಅಂದಾಜಲ್ಲಿ ಆರ್ಡರ್ ಮಾಡ್ಬೇಡಿ, ಪಿಚ್ ಗೇಜಲ್ಲಿ ನೋಡಿ ಇಲ್ಲಾ ಹೊಸ ಬೋಲ್ಟಿನ ಕವರ್ ಮೇಲೆ ಓದಿ.

ಹಾಕೋ ಕೆಲಸ ಭಾರಿ ಕಷ್ಟ ಏನಲ್ಲ, ಆದ್ರೆ ಆತುರ ಪಟ್ರೆ ಕೆಟ್ಟಿತು. ಕಿಟ್ಟಲ್ಲಿ ಬರೋ ಡ್ರಿಲ್ಲಲ್ಲಿ ಹಳೇ ತೂತು ದೊಡ್ಡದು ಮಾಡಿ, ಅಂಚು ಕೂರೋಕೆ ಬಾಯಿ ಹತ್ರ ಕೊರೆದು, ಆಮೇಲೆ ಟ್ಯಾಪ್ (ತೂತಿನ ಒಳಗೆ ಥ್ರೆಡ್ ಕೊರೆಯೋ ಟೂಲು) ಹೊಡಿಬೇಕು. ಇಲ್ಲಿ ಎರಡು ಜಾಗದಲ್ಲಿ ನಿಧಾನ ಬೇಕು. ಒಂದು, ಬಾಯಿ ಹತ್ರ ಕೊರೆಯೋದು ಕಮ್ಮಿ ಆದ್ರೆ ಬುಷ್ಷಿನ ಅಂಚು ಚೇಂಬರಿನ ಮುಖಕ್ಕಿಂತ ಈಚೆ ನಿಲ್ಲತ್ತೆ, ಆಗ ವಾಶರ್ ಬುಷ್ ಮೇಲೆ ಮಾತ್ರ ಕೂರತ್ತೆ, ಬುಷ್ಷಿನ ಸುತ್ತ ಆಯಿಲ್ ಜಿನುಗತ್ತೆ. ಬೆರಳಲ್ಲಿ ಸವರಿ ನೋಡಿದ್ರೆ ಅಂಚು ತಟ್ಟಬಾರದು. ಇನ್ನೊಂದು ಟ್ಯಾಪು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಮೊದಲ ಒಂದೆರಡು ಸುತ್ತಲ್ಲೇ ಸಣ್ಣ ಮೂಲೆಮಟ್ಟ ಇಟ್ಟು ನೇರ ಇದೆಯಾ ನೋಡ್ತಾ ಇರ್ಬೇಕು. ಸೊಟ್ಟ ಹೋಯ್ತು ಅಂತ ಆಮೇಲೆ ಗೊತ್ತಾದ್ರೆ ಏನೂ ಮಾಡೋಕಾಗಲ್ಲ.

ಚೇಂಬರ್ ಬಿಚ್ಚದೇ ಮಾಡ್ತೀರಾ ಅಂದ್ರೆ ಅಲ್ಯೂಮಿನಿಯಂ ಚೂರೇ ತಲೆನೋವು. ಟ್ಯಾಪಿನ ಉದ್ದಕ್ಕೂ ಇರೋ ತೋಡುಗಳಿಗೆ ಗಟ್ಟಿ ಗ್ರೀಸ್ ತುಂಬಿದ್ರೆ ಚೂರೆಲ್ಲ ಅದಕ್ಕೇ ಅಂಟ್ಕೊಳತ್ತೆ, ಆಗಾಗ ಹೊರಗೆ ತೆಗೆದು ಒರೆಸಿ ಮತ್ತೆ ಗ್ರೀಸ್ ಹಚ್ಚಿ ಹೊಡಿಬೇಕು. ಮ್ಯಾಗ್ನೆಟ್ ಹಾಕಿ ತೆಗಿತೀನಿ ಅನ್ಬೇಡಿ, ಅಲ್ಯೂಮಿನಿಯಂ ಮ್ಯಾಗ್ನೆಟ್ಟಿಗೆ ಅಂಟಲ್ಲ. ಕೆಲಸ ಆದ ಮೇಲೆ ಮೇಲಿಂದ ಒಂದಷ್ಟು ಅಗ್ಗದ ಆಯಿಲ್ ಸುರಿದು ಕೆಳಗೆ ಬಿಟ್ಟೆ, ಬಿಳಿ ಬಟ್ಟೆ ಮೇಲೆ ಬೀಳಿಸಿ ನೋಡ್ದಾಗ ಮೊದಲು ಮಿಣಮಿಣ ಅಂತ ಒಂದೆರಡು ಚೂರು ಕಂಡ್ವು, ಇನ್ನಷ್ಟು ಸುರಿದೆ, ಬಟ್ಟೆ ಮೇಲೆ ಏನೂ ಕಾಣದ ತನಕ. ಉಳಿದದ್ದು ಆಯಿಲ್ ಪಂಪಿನ ಬಾಯಲ್ಲಿರೋ ಜಾಲರಿಯಲ್ಲೋ (ಸ್ಟ್ರೈನರ್) ಫಿಲ್ಟರಿನಲ್ಲೋ ಸಿಕ್ಕಿಹಾಕ್ಕೊಳತ್ತೆ, ಅದಕ್ಕೇ ಆ ಹೊಸ ಫಿಲ್ಟರನ್ನ ಬೇಗನೇ ತೆಗೆದು ಇನ್ನೊಂದು ಹಾಕ್ದೆ. ನಿಮ್ಮ ಕಾರಲ್ಲಿ ಚೇಂಬರ್ ಇಳಿಸೋದು ಸುಲಭ ಇದ್ರೆ ಯೋಚನೆ ಮಾಡದೇ ಇಳಿಸಿ, ಮೇಜಿನ ಮೇಲೆ ಇಟ್ಕೊಂಡು ಟ್ಯಾಪ್ ಹೊಡಿಯೋದೇ ಬೇರೆ ಸುಖ.

ಬುಷ್ ಹಾಕೋ ಮುಂಚೆ ತೂತಿನ ಥ್ರೆಡ್ಡನ್ನ ಬ್ರೇಕ್ ಕ್ಲೀನರಲ್ಲಿ ಎಣ್ಣೆ ಪಸೆ ಇಲ್ಲದ ಹಾಗೆ ತೊಳೆದು, ಬುಷ್ಷಿನ ಹೊರಗಡೆಗೆ ಬಿಸಿ ತಡೆಯೋ ಥ್ರೆಡ್‌ಲಾಕರ್ ಅಂಟು ಹಚ್ಚಿದೆ. ಬುಷ್ ಕೂರಿಸೋ ಡ್ರೈವರ್ ಟೂಲಿಗೆ ಮಾತ್ರ ಎಣ್ಣೆ ಹಾಕ್ಬೇಕು, ಆ ಎಣ್ಣೆ ಥ್ರೆಡ್‌ಲಾಕರಿಗೆ ತಾಗಬಾರದು. ಡ್ರೈವರಲ್ಲಿ ಬುಷ್ ಒಳಗೆ ಹೋಗಿ ಅಂಚು ಕೂತ ಮೇಲೂ ತಿರುಗಿಸ್ತಾನೇ ಇರ್ಬೇಕು, ಮೊದಲು ಬಿಗಿ ಆಗತ್ತೆ, ಏನೋ ಎಡವಟ್ಟಾಯ್ತು ಅನ್ನಿಸೋವಷ್ಟು ಬಿಗಿ, ಆಮೇಲೆ ಇದ್ದಕ್ಕಿದ್ದ ಹಾಗೆ ಸಡಿಲ ಆಗತ್ತೆ. ಬುಷ್ಷಿನ ಒಳತುದಿಯ ಥ್ರೆಡ್ಡುಗಳನ್ನ ಡ್ರೈವರ್ ಹಿಗ್ಗಿಸಿ ಅಲ್ಯೂಮಿನಿಯಂಗೆ ಒತ್ತಿಬಿಟ್ಟಿರತ್ತೆ, ಬುಷ್ ಲಾಕ್ ಆಗೋದು ಹೀಗೆ. ರಾತ್ರಿಯೆಲ್ಲ ಒಣಗೋಕೆ ಬಿಟ್ಟು ಬೆಳಿಗ್ಗೆ ಬೋಲ್ಟ್ ಹಾಕ್ದೆ.

ಇಷ್ಟು ವರ್ಷದ ಬಳಕೆ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಅದೇ ಅದರ ದೊಡ್ಡಸ್ತಿಕೆ. ಬುಷ್ ಅಲ್ಲಾಡಿಲ್ಲ, ಬೋಲ್ಟಿನ ಜೊತೆ ಈಚೆ ಬಂದಿಲ್ಲ, ಒಳಗಿನ ಥ್ರೆಡ್ ಟಾರ್ಚ್ ಹಾಕಿ ನೋಡಿದ್ರೆ ಹೊಸದರ ಹಾಗೇ ಇದೆ. ಬೋಲ್ಟ್ ಕೈಯಲ್ಲೇ ಕೊನೇ ತನಕ ನಯವಾಗಿ ಹೋಗತ್ತೆ, ಮುಂಚೆ ಅಲ್ಯೂಮಿನಿಯಂ ಥ್ರೆಡ್ ಇದ್ದಾಗಲೂ ಇಷ್ಟು ನಯ ಇರ್ಲಿಲ್ಲ. ವಾಶರ್ ಪ್ರತಿ ಸಲ ಹೊಸದು ಹಾಕ್ತೀನಿ, ಟಾರ್ಕ್ (ಟೈಟ್ ಮಾಡೋ ಬಲ) ಮ್ಯಾನ್ಯುವಲಲ್ಲಿರೋ ಹಾಗೆ 39 ನ್ಯೂಟನ್ ಮೀಟರ್, ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಇಲ್ಲ. ಸ್ಟೀಲ್ ಬುಷ್ ಇದೆಯಲ್ಲಾ ಅಂತ ಜೋರಾಗಿ ಟೈಟ್ ಮಾಡೋರನ್ನ ನೋಡಿದೀನಿ, ಬುಷ್ ಗಟ್ಟಿ ಇದ್ರೂ ಅದನ್ನ ಹಿಡ್ಕೊಂಡಿರೋದು ಅದೇ ಮೆತ್ತನೆ ಅಲ್ಯೂಮಿನಿಯಂ ಅಲ್ವಾ. ಈಗ ಸರ್ವೀಸಿಗೆ ಎಲ್ಲೇ ಬಿಟ್ರೂ ಡ್ರೈನ್ ಬೋಲ್ಟ್ ಮಾತ್ರ ಮುಟ್ಬೇಡಿ ಅಂತ ಹೇಳೇ ಬಿಡೋದು, ಅದು ಅವರಿಗೆ ಸ್ವಲ್ಪ ಕೋಪ ಬರ್ಸತ್ತೆ, ಬರ್ಸ್ಲಿ.

ಬೇಜಾರಿನ ವಿಷಯಾನೂ ಇದೆ. ಒಂದು ಕಿಟ್ ಒಂದೇ ಸೈಜಿಗೆ, ಎಂ14ದು ತಗೊಂಡ್ರೆ ಎಂ12ಗೆ ಅದು ಪ್ರಯೋಜನಕ್ಕಿಲ್ಲ. ಒಂದೇ ಒಂದು ತೂತಿಗೆ ಅಂತ ಇಡೀ ಕಿಟ್ ತಗೊಂಡ್ರೆ ಮೂಗಿಗಿಂತ ಮೂಗುತಿ ಭಾರ, ಕೆಲವು ಕಾರುಗಳಿಗೆ ಹೊಸ ಚೇಂಬರೇ ಇದಕ್ಕಿಂತ ಕಮ್ಮಿಗೆ ಬರತ್ತೆ, ಮೊದಲು ಅದನ್ನ ವಿಚಾರಿಸಿ. ಕಿಟ್ ಜೊತೆ ಬರೋ ಸೂಚನೆ ಕಾಗದ ಕೆಲಸ ಗೊತ್ತಿರೋರಿಗೆ ಬರೆದ ಹಾಗಿದೆ, ಡ್ರೈವರ್ ಬಿಗಿ ಆದಾಗ ಗಾಬರಿ ಬೀಳ್ಬೇಡಿ ಅಂತ ಒಂದು ಸಾಲು ದಪ್ಪಕ್ಷರದಲ್ಲಿ ಹಾಕಿದ್ರೆ ಅವರ ಗಂಟೇನೂ ಹೋಗ್ತಿರ್ಲಿಲ್ಲ. ಟ್ಯಾಪ್ ಹ್ಯಾಂಡಲ್ ತಿರುಗಿಸೋಕೆ ಕಾರಡಿ ಜಾಗ ಸಾಲಲ್ಲ, ಹತ್ತಿರದಲ್ಲಿ ಕ್ರಾಸ್‌ಮೆಂಬರೋ ಸೈಲೆನ್ಸರ್ ಪೈಪೋ ಅಡ್ಡ ಬಂದ್ರೆ ಸಾಕೆಟ್ಟು ರ‍್ಯಾಚೆಟ್ಟು ಹಾಕಿ ಒದ್ದಾಡ್ಬೇಕು. ಅದಕ್ಕೇ ಐದರಲ್ಲಿ ನಾಲ್ಕೂವರೆ ಕೊಡ್ತೀನಿ, ಬುಷ್ಷಿಗೆ ಮಾತ್ರ ಅಂದ್ರೆ ಐದಕ್ಕೆ ಐದು.

ಇನ್ನೊಂದು, ಚೇಂಬರ್ ತಗಡಿನದಾಗಿದ್ರೆ ಈ ಕಿಟ್ ತಗೊಳ್ಳೋಕೆ ಹೋಗ್ಬೇಡಿ. ಅದರಲ್ಲಿ ಥ್ರೆಡ್ ಇರೋದು ಒಳಗೆ ವೆಲ್ಡ್ ಮಾಡಿರೋ ನಟ್ಟಲ್ಲಿ, ಬುಷ್ ಕೂರೋಕೆ ಬೇಕಾದಷ್ಟು ದಪ್ಪ ಅಲ್ಲಿ ಉಳಿಯೋದು ಅಪರೂಪ, ಹೊಸ ಚೇಂಬರ್ ಹಾಕಿಸೋದೇ ವಾಸಿ. ಅಲ್ಯೂಮಿನಿಯಂ ಆದ್ರೂ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಇದೆಯಾ ಅಂತ ಬ್ರೇಕ್ ಕ್ಲೀನರಲ್ಲಿ ಒರೆಸಿ ನೋಡಿ, ಬಿರುಕಿದ್ರೆ ಡ್ರಿಲ್ ಕೈಗೆತ್ಕೊಳ್ಳೋದೇ ಬೇಡ.