ಪೋಕರ್ ಬಿಟ್ಟವರಿಗೆ ‘ಕೆಲಸ ಗ್ಯಾರಂಟಿ’ ಎಂದು ಕರೆ ಬಂದರೆ, ಸಹಿ ಹಾಕುವ ಮುನ್ನ ಇದನ್ನು ಓದಿ

2025ರ ಆಗಸ್ಟ್‌ವರೆಗೆ ಆನ್‌ಲೈನ್ ಪೋಕರ್ ಆಡಿ ಸಂಸಾರ ನಡೆಸುತ್ತಿದ್ದು, ಆಮೇಲೆ ಮುಂದೇನು ಎಂದು ತೋಚದೆ ಕುಳಿತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೂ ಒಂದು ಕರೆ ಬಂದಿರಬಹುದು, ಬಾರದಿದ್ದರೆ ಬರಬಹುದು. ಡೇಟಾ ಅನಾಲಿಟಿಕ್ಸ್ ಕಲಿಸುತ್ತೇವೆ, ಆರು ತಿಂಗಳಲ್ಲಿ ಕೆಲಸ ಕೊಡಿಸುತ್ತೇವೆ, ಪೋಕರ್ ಆಡಿದವರಿಗೆ ಇದು ಸಲೀಸು ಎನ್ನುವ ಕರೆ ಅದು. ಆ ಮಾತನ್ನು ನಂಬಿ ನಾನು 2,83,200 ರೂಪಾಯಿಯ ಸಾಲವನ್ನು, ಅದು ಸಾಲವೆಂದೇ ತಿಳಿಯದೆ, ತಲೆಯ ಮೇಲೆ ಹೊತ್ತುಕೊಂಡೆ. ಸಾಲವೆಂದೇ ತಿಳಿಯದೆ! ಎದುರಿಗಿರುವವನ ಮನಸ್ಸನ್ನು ಅಳೆದು ಏಳು ವರ್ಷ ಹೊಟ್ಟೆ ಹೊರೆದವನು ಹೀಗೆ ಮೋಸ ಹೋದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೆ ಈ ನಾಚಿಕೆಯಿಂದ ನಾವು ಬಾಯಿ ಮುಚ್ಚಿಕೊಂಡಿರುತ್ತೇವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ, ಆದ್ದರಿಂದ ಬರೆಯುತ್ತಿದ್ದೇನೆ.

2018ರಲ್ಲಿ ಬೆಂಗಳೂರಿನ ಒಂದು ಕಂಪನಿಯ ಕೆಲಸ ಬಿಟ್ಟು ನಾನು ಪೂರ್ಣಾವಧಿ ಆಟಕ್ಕೆ ಇಳಿದೆ. ಊರಿನಲ್ಲಿರುವ ಅಪ್ಪನಿಗೆ ಇಂದಿಗೂ ನಾನು ‘ಕಂಪ್ಯೂಟರ್ ಕೆಲಸ’ದಲ್ಲಿದ್ದೇನೆ ಎಂದಷ್ಟೇ ಗೊತ್ತು. 2025ರಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲದವೋ ಅದೃಷ್ಟದವೋ ಎಂಬ ಭೇದವಿಲ್ಲದೆ, ನಿಷೇಧಿಸುವ ಮಸೂದೆಗೆ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಒಪ್ಪಿಗೆ ಕೊಟ್ಟವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಮೂರೇ ದಿನ. ನಾನು ಆಡುತ್ತಿದ್ದ ತಾಣದಲ್ಲಿ ಟೇಬಲ್‌ಗಳೆಲ್ಲ ಮುಚ್ಚಿ, ಉಳಿಕೆ ಹಣವನ್ನು ಹಿಂಪಡೆಯಿರಿ ಎಂಬ ಒಂದು ಸಾಲು ಮಾತ್ರ ಉಳಿಯಿತು. ನನ್ನ ಹಣ ಬಂತು, ಅದರ ಬಗ್ಗೆ ದೂರಿಲ್ಲ. ಹೋದದ್ದು ಪ್ರತಿ ತಿಂಗಳ ಆದಾಯ.

ಮುನ್ಸೂಚನೆಯೇ ಇರಲಿಲ್ಲ ಎಂದು ಹೇಳಲಾರೆ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಪೋಕರ್ ತಾಣಗಳ ಮೇಲೆ ಮೊಕದ್ದಮೆ ಹೂಡಿದಾಗ, ಅವುಗಳಲ್ಲೊಂದಾದ ಫುಲ್ ಟಿಲ್ಟ್‌ನಲ್ಲಿ ಹಣವಿಟ್ಟಿದ್ದ ಅಲ್ಲಿನ ಆಟಗಾರರಿಗೆ ಅದು ಮರಳಿ ಕೈಸೇರಲು ಶುರುವಾದದ್ದು 2014ರಲ್ಲಿ. ಆ ಕಥೆಯನ್ನು ಓದಿ ನಾವೆಲ್ಲ ತಾಣದಲ್ಲಿ ಹೆಚ್ಚು ಹಣ ಬಿಡಬಾರದು ಎಂಬುದನ್ನಷ್ಟೇ ಕಲಿತೆವು. ನಮ್ಮದೇ ರಾಜ್ಯ 2021ರ ಅಕ್ಟೋಬರ್‌ನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿದಾಗ, ಅತ್ತಿಬೆಲೆ ದಾಟಿ ಹೊಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಆಡಿದೆ. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು, ನಾನು ಮನೆಗೆ ಮರಳಿದೆ, ಭಯ ಮರೆತೆ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇ 30ರಷ್ಟು ಮೂಲದಲ್ಲೇ ತೆರಿಗೆ ಕಡಿತ, ಅಕ್ಟೋಬರ್‌ನಿಂದ ನಾವು ತುಂಬುವ ಇಡೀ ಮೊತ್ತದ ಮೇಲೆ ಶೇ 28ರಷ್ಟು ಜಿಎಸ್‌ಟಿ ಬಂದಾಗಲಾದರೂ ಬೇರೆ ದಾರಿ ನೋಡಿಕೊಳ್ಳಬೇಕಿತ್ತು. ನೋಡಿಕೊಳ್ಳಲಿಲ್ಲ. ಹಾಗಾಗಿ 2025ರ ಸೆಪ್ಟೆಂಬರ್‌ನಲ್ಲಿ ಆ ಕರೆ ಬಂದಾಗ ನಾನು ಅವಸರದಲ್ಲಿದ್ದೆ.

ಕರೆ ಮಾಡಿದವನು ತನ್ನನ್ನು ಕೆರಿಯರ್ ಕೌನ್ಸೆಲರ್ ಎಂದು ಪರಿಚಯಿಸಿಕೊಂಡ. ಆತನಿಗೆ ನಮ್ಮ ಮಾತೆಲ್ಲ ಗೊತ್ತಿತ್ತು. ಬ್ಯಾಂಕ್‌ರೋಲ್ (ಆಟಕ್ಕೆಂದೇ ಎತ್ತಿಟ್ಟ ಹಣ), ವೇರಿಯನ್ಸ್ (ಅದೃಷ್ಟದ ಏರಿಳಿತ), ಟಿಲ್ಟ್ (ಸೋತ ಸಿಟ್ಟಿನಲ್ಲಿ ಹಿಡಿತ ತಪ್ಪಿ ಆಡುವುದು), ಎಲ್ಲವೂ. “ಸರ್, ನೀವು ದಿನಾ ಮಾಡ್ತಿದ್ದದ್ದೇ ಡೇಟಾ ಅನಾಲಿಸಿಸ್. ಲಕ್ಷಾಂತರ ಹ್ಯಾಂಡ್‌ಗಳ ದಾಖಲೆ ಇಟ್ಕೊಂಡು ಲೆಕ್ಕ ಹಾಕೋರಿಗೆ ಇದೆಲ್ಲಾ ಯಾವ ಲೆಕ್ಕ?” ಎಂದ. (ಹ್ಯಾಂಡ್ ಎಂದರೆ ಒಂದು ಸುತ್ತಿನ ಆಟ.) ತಿಂಗಳಿನಿಂದ ನಾನು ಯಾವುದಕ್ಕೂ ಲಾಯಕ್ಕಲ್ಲ ಎಂದು ಕೊರಗುತ್ತಿದ್ದವನಿಗೆ ಆ ಮಾತು ಎಷ್ಟು ಹಿತವಾಗಿತ್ತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನೇ ಮುಂದಾಗಿ ಕೇಳಿದೆ: ನನ್ನ ಬಯೋಡೇಟಾದಲ್ಲಿ ಏಳು ವರ್ಷ ಖಾಲಿ ಇದೆ, ಅದಕ್ಕೆ ಏನು ಮಾಡುವುದು? “ಅದು ಗ್ಯಾಪ್ ಅಲ್ಲ ಸರ್, ಸ್ವಂತ ಉದ್ಯೋಗ. ನಮ್ಮ ಕಂಪನಿಗಳಿಗೆ ಅದೆಲ್ಲಾ ಗೊತ್ತು” ಎಂದ. ಈ ಉತ್ತರವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ.

ಶುಲ್ಕ 2,40,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಮ್ಮೆಲೇ ಕೊಡಬೇಕಾಗಿಲ್ಲ, ತಿಂಗಳಿಗೆ 11,800ರಂತೆ 24 ಕಂತು, ಕೆಲಸ ಸಿಗದಿದ್ದರೆ ಪೂರ್ತಿ ವಾಪಸ್ ಎಂದರು. ಅವರ ಕಚೇರಿಯಲ್ಲಿ ಕುಳಿತು, ಈ ದರ ಸಂಜೆಯವರೆಗೆ ಮಾತ್ರ ಎನ್ನುವ ಹಳೆಯ ಮಾತಿಗೆ ಮಣಿದು, ಅವರದೇ ಟ್ಯಾಬ್ಲೆಟ್‌ನಲ್ಲಿ ಬೆರಳಿನಿಂದ ಸಹಿ ಎಳೆದೆ. ಮೂರು ಬಾರಿ ಒಟಿಪಿ ಬಂತು, ಮೂರನ್ನೂ ಓದಿ ಹೇಳಿದೆ. ಒಂದು ದಾಖಲಾತಿಗೆ, ಒಂದು ಆಧಾರ್‌ಗೆ, ಒಂದು ‘ಕಂತಿನ ಅನುಕೂಲಕ್ಕೆ’ ಎಂದರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಗೆಲುವಿನ ಹಣ ಸಂಬಳವಲ್ಲ ಎಂದು 2024ರಲ್ಲಿ ನನ್ನ ಮನೆ ಸಾಲದ ಅರ್ಜಿಯನ್ನು ಬ್ಯಾಂಕು ಎರಡು ತಿಂಗಳು ಅಲೆದಾಡಿಸಿ ತಿರಸ್ಕರಿಸಿತ್ತು. ಆದಾಯವೇ ಇಲ್ಲದ ಹೊತ್ತಿನಲ್ಲಿ ಇಪ್ಪತ್ತು ನಿಮಿಷದಲ್ಲಿ ಯಾರು ನನ್ನನ್ನು ನಂಬಿದರು ಎಂಬ ಪ್ರಶ್ನೆ ಆ ಕುರ್ಚಿಯಲ್ಲಿ ಕುಳಿತಾಗಲೇ ಹೊಳೆಯಬೇಕಿತ್ತು.

ಹೊಳೆದದ್ದು ನವೆಂಬರ್ 5ರ ಬೆಳಿಗ್ಗೆ. ಮೊಬೈಲು ಅಡುಗೆಮನೆಯ ಕಟ್ಟೆಯ ಮೇಲಿತ್ತು. ಎಸ್ಸೆಮ್ಮೆಸ್ ಬಂದ ಸದ್ದಿಗೆ ಹೆಂಡತಿ ಎತ್ತಿ ನೋಡಿ, “ರೀ, ಇದ್ಯಾವುದು ಲೋನ್ ಕಂತು? ನಾವು ಸಾಲ ತಗೊಂಡಿದೀವಾ?” ಎಂದು ಕೇಳಿದಳು. ನಾನು ಇಲ್ಲ ಎಂದೆ. ಖಡಾಖಂಡಿತವಾಗಿ ಇಲ್ಲ ಎಂದೆ. ಆಮೇಲೆ ಆ ಸಂದೇಶದಲ್ಲಿದ್ದ, ನಾನು ಎಂದೂ ಕೇಳಿರದ ಹಣಕಾಸು ಸಂಸ್ಥೆಯ ಹೆಸರನ್ನು ನನ್ನ ಇಮೇಲ್‌ನಲ್ಲಿ ಹುಡುಕಿದೆ. ಸಹಿ ಹಾಕಿದ ದಿನ ಬಂದ ಏಳು ಕಡತಗಳಲ್ಲಿ ಐದನೆಯದರಲ್ಲಿ ಎಲ್ಲವೂ ಇತ್ತು: ಸಾಲಗಾರ ನಾನು, ಮೊತ್ತ 2,83,200, ಹಣ ನೇರವಾಗಿ ತರಬೇತಿ ಸಂಸ್ಥೆಯ ಖಾತೆಗೆ ಸಂದಾಯ. ಕೋರ್ಸಿನವರಿಗೆ ಪೂರ್ತಿ ಹಣ ಮೊದಲ ವಾರದಲ್ಲೇ ತಲುಪಿತ್ತು. ಅವರಿಗೆ ನನ್ನಿಂದ ಇನ್ನು ಬರಬೇಕಾದದ್ದು ಏನೂ ಇರಲಿಲ್ಲ. ಹೆಂಡತಿ ಬೈಯಲಿಲ್ಲ, ಒಲೆ ಆರಿಸಿ ಪಕ್ಕದಲ್ಲಿ ಬಂದು ಕುಳಿತಳು. ಆ ಹೊತ್ತನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕೌನ್ಸೆಲರ್‌ಗೆ ಕರೆ ಮಾಡಿದೆ. “ಸರ್, ಅದು ಲೋನ್ ಅಲ್ಲ, ಇನ್‌ಸ್ಟಾಲ್‌ಮೆಂಟ್ ಅಷ್ಟೇ” ಎಂದ. ಕಾಗದದಲ್ಲಿ ಸಾಲ ಎಂದೇ ಇದೆಯಲ್ಲ ಎಂದರೆ, “ಅದು ಬರೀ ಫಾರ್ಮಾಲಿಟಿ ಸರ್” ಎಂದ. ಎರಡನೇ ದಿನ, “ನಾನು ಸೇಲ್ಸ್, ನೀವು ಸಪೋರ್ಟ್‌ಗೆ ಬರೀರಿ” ಎಂದ. ಮೂರನೇ ದಿನದಿಂದ ಫೋನ್ ಎತ್ತಲಿಲ್ಲ. ಸಪೋರ್ಟ್‌ನಿಂದ ಬಂದ ಉತ್ತರ ಹೀಗಿತ್ತು: ‘ನೀವು ಸ್ವಇಚ್ಛೆಯಿಂದ ಒಟಿಪಿ ನೀಡಿ ಸಮ್ಮತಿಸಿರುತ್ತೀರಿ.’ ಹಣಕಾಸು ಸಂಸ್ಥೆಯವರು, ಕೋರ್ಸಿನ ತಕರಾರನ್ನು ಕೋರ್ಸಿನವರ ಬಳಿ ಬಗೆಹರಿಸಿಕೊಳ್ಳಿ, ಕಂತು ಮಾತ್ರ ತಪ್ಪಿಸಬೇಡಿ, ಸಾಲ ತೀರಿಸುವ ಶಿಸ್ತನ್ನು ಅಳೆಯುವ ಸಿಬಿಲ್ ಅಂಕ ಹಾಳಾಗುತ್ತದೆ ಎಂದರು. ಕೋರ್ಸಿನವರು ಸಾಲದ ವಿಷಯ ಹಣಕಾಸು ಸಂಸ್ಥೆಗೆ ಸಂಬಂಧಿಸಿದ್ದು ಎಂದರು. ಒಂಬತ್ತು ದಿನ ಇದೇ ನಡೆಯಿತು.

ಇಷ್ಟಾದರೂ, ಕೆಲಸವಾದರೂ ಸಿಕ್ಕೀತು ಎಂಬ ಆಸೆಯಿತ್ತು. ಆ ಆಸೆ ಮುಗಿದದ್ದು ಒಪ್ಪಂದದ 11ನೇ ಪುಟದಲ್ಲಿ. ಅಲ್ಲಿ ‘ಕೆಲಸದ ಗ್ಯಾರಂಟಿ’ ಎಂಬ ಮಾತೇ ಇಲ್ಲ, ‘ಉದ್ಯೋಗ ಸಹಾಯ’ ಎಂದಿದೆ. ಶೇ 90 ಹಾಜರಾತಿ, ಪ್ರತಿ ಪರೀಕ್ಷೆಯಲ್ಲೂ ಶೇ 80 ಅಂಕ ಇದ್ದರೆ ಮಾತ್ರ ಆ ಸಹಾಯ. ಕೊನೆಯ ಷರತ್ತು: ಎರಡು ವರ್ಷಕ್ಕಿಂತ ಹೆಚ್ಚು ಕಾಲ ಉದ್ಯೋಗದಲ್ಲಿಲ್ಲದವರಿಗೆ ಶುಲ್ಕ ವಾಪಸಾತಿ ಅನ್ವಯಿಸುವುದಿಲ್ಲ. ನಾನು ನನ್ನ ಬಾಯಾರೆ ಏಳು ವರ್ಷ ಎಂದು ಹೇಳಿದ್ದೆ. ನನಗೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲವೆಂದು ಗೊತ್ತಿದ್ದೇ ಆ ಮನುಷ್ಯ ನನ್ನ ಕೈಯಿಂದ ಸಹಿ ಹಾಕಿಸಿಕೊಂಡ. ಪೂರ್ಣಾವಧಿ ಪೋಕರ್ ಆಡಿದ ಯಾರಿಗೇ ಆಗಲಿ ಈ ಷರತ್ತು ಉರುಳೇ, ಏಕೆಂದರೆ ನಮ್ಮ ಆದಾಯ ತೆರಿಗೆ ವಿವರದಲ್ಲೂ ಗೆಲುವು ‘ಇತರ ಮೂಲದ ಆದಾಯ’ ಎಂದೇ ಇರುತ್ತದೆ. ‘ಅದು ಗ್ಯಾಪ್ ಅಲ್ಲ ಸರ್’ ಎಂದನಲ್ಲ!

ಕಲಿಕೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಗೋವಾದ ಕ್ಯಾಸಿನೊಗಳಲ್ಲಿ ಎದುರುಬದುರು ಕುಳಿತು ಆಡುವ ಪೋಕರ್‌ಗೆ ಈ ಕಾಯ್ದೆ ತಾಗುವುದಿಲ್ಲ ನಿಜ, ಆದರೆ ಒಟ್ಟಿಗೆ ನಾಲ್ಕಾರು ಟೇಬಲ್ ತೆರೆದು ಗಂಟೆಗೆ ಮುನ್ನೂರು ಹ್ಯಾಂಡ್ ಆಡಿ ಬದುಕಿದವರು ಗಂಟೆಗೆ ಮೂವತ್ತರೊಳಗಿನ ಹ್ಯಾಂಡ್‌ನಲ್ಲಿ, ಓಡಾಟ, ವಸತಿಯ ಖರ್ಚು ಕಳೆದು, ಸಂಸಾರ ನಡೆಸುವುದು ಬಹಳ ಕಷ್ಟ. ಇನ್ನು ಏಜೆಂಟರ ಮೂಲಕ ಚಿಪ್ಸ್ (ಹಣದ ಬದಲು ಆಟದಲ್ಲಿ ಬಳಸುವ ಬಿಲ್ಲೆ) ಮಾರುವ ಖಾಸಗಿ ಕ್ಲಬ್ ಆ್ಯಪ್‌ಗಳ ಸಹವಾಸ ಬೇಡವೇ ಬೇಡ. ನನ್ನ ಗೆಳೆಯನೊಬ್ಬ ಯುಪಿಐನಲ್ಲಿ ಹಣ ಕಳಿಸಿ, ಗೆದ್ದು, ಏಜೆಂಟ್ ನಾಪತ್ತೆಯಾದ ಮೇಲೆ ಠಾಣೆಗೆ ಹೋಗಲೂ ಹೆದರಿ ಕುಳಿತಿದ್ದಾನೆ. ಕಾಯ್ದೆಯ ವಿರುದ್ಧದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಅದನ್ನು ನಂಬಿ ಮನೆ ಬಾಡಿಗೆ ಕಟ್ಟಲಾಗುವುದಿಲ್ಲ.

ನನ್ನಂತೆ ಕೋರ್ಸ್ ಹಿಡಿಯುವುದಾದರೆ, ಕಾಗದಗಳನ್ನು ಮನೆಗೆ ತಂದು ಇನ್ನೊಬ್ಬರಿಗೆ ಓದಲು ಕೊಡಿ. ಒಟಿಪಿ ಸಂದೇಶವನ್ನು ಪೂರ್ತಿ ಓದಿ, ಅಂಕಿಗಳನ್ನಷ್ಟೇ ಅಲ್ಲ. ಡಿಜಿಟಲ್ ಸಾಲ ಕೊಡುವವರು ಸಾಲದ ಮೊತ್ತ, ಬಡ್ಡಿ, ಶುಲ್ಕಗಳನ್ನು ತಿಳಿಸುವ ಮುಖ್ಯಾಂಶಗಳ ಪತ್ರ ಕೊಡಬೇಕು, ಅಸಲು ಮತ್ತು ಅಷ್ಟು ದಿನದ ಬಡ್ಡಿಯನ್ನು ತೀರಿಸಿ ದಂಡವಿಲ್ಲದೆ ಹೊರಬರಲು ಅವಧಿ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆ ಅವಧಿ ದಿನಗಳ ಲೆಕ್ಕದ್ದು. ನನ್ನ ತರಗತಿ ಶುರುವಾದದ್ದೇ ಸಹಿ ಹಾಕಿದ ಎರಡು ವಾರದ ನಂತರ, ಅಷ್ಟರಲ್ಲಿ ಅದು ಮುಗಿದುಹೋಗಿತ್ತು. ಇದು ಆಕಸ್ಮಿಕವೆಂದು ನಾನು ನಂಬುವುದಿಲ್ಲ.

ಹಣಕಾಸು ಸಂಸ್ಥೆಗೆ ಲಿಖಿತ ದೂರು ಕೊಟ್ಟು 30 ದಿನ ಕಾದು, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆದಿದ್ದೇನೆ. ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಾಗಿದೆ. ಕೌನ್ಸೆಲರ್‌ನ ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡಿದ್ದೇನೆ, ‘ಜಾಬ್ ಪಕ್ಕಾ ಸರ್’ ಎಂದು ಅವನೇ ಬರೆದದ್ದೂ ಅದರಲ್ಲಿದೆ. ತರಬೇತಿ ಸಂಸ್ಥೆಯಿಂದ ಬಂದ ಕಡೆಯ ಉತ್ತರದಲ್ಲಿ, ದೂರು ಹಿಂಪಡೆದರೆ ಮುಂದಿನ ಬ್ಯಾಚಿನಲ್ಲಿ ‘ಉಚಿತವಾಗಿ’ ಮತ್ತೆ ಕುಳಿತುಕೊಳ್ಳಲು ಅವಕಾಶ ಕೊಡುತ್ತೇವೆ ಎಂದಿದ್ದಾರೆ. ಹಿಂಪಡೆಯುವುದಿಲ್ಲ ಎಂದು ಅಂದೇ ಬರೆದು ಕಳಿಸಿದೆ.