ಸವಾರೋ ಪಾರ್ಕಿಗೆ ಟೂರ್ ವ್ಯಾನ್ ಬುಕ್ ಮಾಡುವ ಮುಂಚೆ

ಊರಿಂದ ಬಂದ ಅಪ್ಪ-ಅಮ್ಮನಿಗೆ ಅರಿಜೋನಾದ ದೈತ್ಯ ಸವಾರೋ ಕಳ್ಳಿಗಳನ್ನು ತೋರಿಸಬೇಕು ಅಂತಿದ್ದೀರಾ? ಟೂಸಾನ್ ಪಕ್ಕದ ಸವಾರೋ ನ್ಯಾಷನಲ್ ಪಾರ್ಕಿಗೆ ಹೊರಡುವ ಮುಂಚೆ ಇದನ್ನೊಮ್ಮೆ ಓದಿ. ಟೂರ್‌ನವರ ಹೆಸರು ಹಾಕುತ್ತಿಲ್ಲ.

ಬೆಳಗ್ಗೆ ಆರಕ್ಕೆ ಬರುತ್ತೇವೆ ಅಂದವರು ಬಂದಿದ್ದು ಹತ್ತೂವರೆಗೆ. ಅದೂ ಜೂನ್ ತಿಂಗಳು. ವ್ಯಾನ್‌ನಿಂದ ಇಳಿದಾಗ 41 ಡಿಗ್ರಿ. "ನೀರು, ತಿಂಡಿ ಎಲ್ಲಾ ಒಳಗೇ ಸಿಗುತ್ತೆ" ಅಂತ ಬುಕಿಂಗ್ ಮಾಡುವಾಗ ಹೇಳಿದ್ದರು. ಶುದ್ಧ ಸುಳ್ಳು. ಪಾರ್ಕಿನಲ್ಲಿ ಊಟ-ತಿಂಡಿ ಮಾರುವುದಿಲ್ಲ. ಕುಡಿಯುವ ನೀರಿಗೆ ವಿಸಿಟರ್ ಸೆಂಟರ್‌ಗೇ ಹೋಗಬೇಕು. ಡ್ರೈವರ್ ಅಲ್ಲಿ ನಿಲ್ಲಿಸದೆ ಸೀದಾ ಮಣ್ಣು ರಸ್ತೆಗೆ ಇಳಿಸಿದ.

ಅಪ್ಪ ಮಂಗಳೂರಿನವರು. ಬೆವರು ಇಳಿದರೆ ಮಾತ್ರ ಸೆಕೆ ಅನ್ನುವವರು. ಇಲ್ಲಿ ಗಾಳಿ ಎಷ್ಟು ಒಣ ಅಂದರೆ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಬಂದಹಾಗೇ ಆರಿಹೋಗುತ್ತೆ. "ಅಷ್ಟೇನೂ ಸೆಕೆ ಇಲ್ಲ ಮಾರಾಯ" ಅನ್ನುತ್ತಾ ನಡೆದವರು ಸ್ವಲ್ಪ ಹೊತ್ತಿಗೆ ತಲೆ ಸುತ್ತುತ್ತೆ ಅಂತ ಕೂತುಬಿಟ್ಟರು. ಕೂರಲು ನೆರಳೆಲ್ಲಿದೆ? ನಲವತ್ತು ಅಡಿ ಎತ್ತರದ ಸವಾರೋ ಕೊಡುವ ನೆರಳು ಕರೆಂಟ್ ಕಂಬದಷ್ಟೇ. (ನೋಡಲು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಒಂದು ಕೈ ಮೂಡಲಿಕ್ಕೇ ಐವತ್ತು ವರ್ಷಕ್ಕಿಂತ ಜಾಸ್ತಿ ಬೇಕಂತೆ.)

ಅಪ್ಪನಿಗೆ ಕೊಡೆ ಹಿಡಿಯಲು ಅಮ್ಮ ಒಂದು ಹೆಜ್ಜೆ ಪಕ್ಕಕ್ಕಿಟ್ಟರು, ಅಷ್ಟೇ. ಕಾಲಿಗೆ ಚೋಯಾ ಕಳ್ಳಿಯ ತುಂಡು ಕಚ್ಚಿಕೊಂಡಿತು. ಸವಾರೋಗಿಂತ ಇದೇ ಅಪಾಯ. ಗಿಡ ದೂರಕ್ಕೆ ಮೆತ್ತಗೆ ಕಾಣುತ್ತೆ. ನಿಂಬೆ ಗಾತ್ರದ ತುಂಡುಗಳು ಉದುರಿ ದಾರಿಯಲ್ಲೇ ಬಿದ್ದಿರುತ್ತವೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖವಾದ ಸಣ್ಣ ಕೊಕ್ಕೆಗಳು. ಸುಮ್ನೆ ಸೋಕಿದರೂ ಸಾಕು, ಒಳಗೆ ಹೋಗುತ್ತೆ, ಹೊರಗೆ ಬರಲ್ಲ. ಡ್ರೈವರ್ ಬರಿಗೈಯಲ್ಲಿ ಎಳೆಯಲು ಹೋದ. ಅರ್ಧ ಅಮ್ಮನ ಕಾಲಲ್ಲೇ ಉಳಿಯಿತು, ಇನ್ನರ್ಧ ಅವನ ಬೆರಳಿಗೆ.

ಆ ದಾರಿಯಲ್ಲಿ ಬಂದ ಹಿರಿಯರೊಬ್ಬರು ಬ್ಯಾಗಿನಿಂದ ಬಾಚಣಿಗೆ ತೆಗೆದರು. ಚರ್ಮಕ್ಕೂ ತುಂಡಿಗೂ ನಡುವೆ ಹಲ್ಲು ತೂರಿಸಿ, ಯಾರೂ ಇಲ್ಲದ ಕಡೆಗೆ ಒಂದೇ ಸಲ ಚಿಮ್ಮಿಸಿದರು. ಉಳಿದ ಮುಳ್ಳುಗಳನ್ನು ಚಿಮಟದಲ್ಲಿ ಒಂದೊಂದಾಗಿ ಕಿತ್ತರು. ಅಪ್ಪನಿಗೆ ನೀರು ಕೊಟ್ಟವರೂ ಅವರೇ.

ಹೋಗುವುದಾದರೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಸ್ವಂತ ಕಾರು ಒಳ್ಳೆಯದು. ತಲೆಗೆ ಎರಡು-ಮೂರು ಲೀಟರ್ ನೀರು, ಮುಚ್ಚಿದ ಶೂ, ಬಾಚಣಿಗೆ, ಚಿಮಟ ಇರಲಿ. ಇನ್ನೊಂದು: ಪಾರ್ಕಿನಲ್ಲಿ ಪೂರ್ವ, ಪಶ್ಚಿಮ ಅಂತ ಎರಡು ಭಾಗ ಇದೆ, ನಡುವೆ ಇಡೀ ಟೂಸಾನ್ ನಗರ. "ಎರಡು ಗಂಟೆಯಲ್ಲಿ ಎರಡೂ ತೋರಿಸ್ತೀವಿ" ಅನ್ನುವ ಜಾಹೀರಾತು ಕಂಡರೆ ನಂಬಬೇಡಿ, ಬಿಟ್ಟುಬಿಡಿ. ನಾವು ದುಡ್ಡು ಕೊಟ್ಟಿದ್ದು ಅದಕ್ಕೇ. ಪೂರ್ವ ಭಾಗ ನೋಡಲೇ ಇಲ್ಲ, ದುಡ್ಡೂ ವಾಪಸ್ ಬರಲಿಲ್ಲ.